ಮೂತ್ರಪಿಂಡದ ಕಲ್ಲು: ಚಿಕಿತ್ಸೆಯ ದಾರಿಗಳು ಮತ್ತು ಪಂಚಾಯಿತಿ ಸದಸ್ಯರ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ಆರೋಗ್ಯ ಅಧ್ಯಯನ ಪಾಠ)



ಊರಿನಲ್ಲಿ ಯಾರಿಗಾದರೂ ನಡುರಾತ್ರಿ ಪಕ್ಕೆಯಲ್ಲಿ ತಡೆಯಲಾಗದ ನೋವು ಕಾಣಿಸಿಕೊಂಡಾಗ ಮನೆಯವರು ಮೊದಲು ಬಾಗಿಲು ತಟ್ಟುವುದು ಬಹುಪಾಲು ತಮ್ಮ ವಾರ್ಡಿನ ಸದಸ್ಯರ ಮನೆಯನ್ನೇ. ಎಲ್ಲಿಗೆ ಕರೆದೊಯ್ಯಬೇಕು, ಎಷ್ಟು ಹಣ ಹೊಂದಿಸಬೇಕು, ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬ ಪ್ರಶ್ನೆಗಳನ್ನು ಅವರು ನಿಮ್ಮ ಮುಂದಿಡುತ್ತಾರೆ. ನೀವು ವೈದ್ಯರಲ್ಲ, ರೋಗಕ್ಕೆ ಔಷಧಿ ಸೂಚಿಸುವುದು ನಿಮ್ಮ ಕೆಲಸವೂ ಅಲ್ಲ. ಆದರೆ ಆ ಹೊತ್ತಿನಲ್ಲಿ ನೀವು ಆಡುವ ಮಾತು ಒಂದು ಕುಟುಂಬವನ್ನು ಸರಿಯಾದ ದಾರಿಗೆ ಹಚ್ಚಬಲ್ಲದು.

ಮೂತ್ರಪಿಂಡದ ಕಲ್ಲಿನ ವಿಷಯದಲ್ಲಿ ಹಳ್ಳಿಗಳಲ್ಲಿ ಎರಡು ಬಗೆಯ ತಪ್ಪುಗಳು ನಡೆಯುತ್ತವೆ. ತಾನಾಗಿಯೇ ಹೊರಬೀಳಬಹುದಾದ ಚಿಕ್ಕ ಕಲ್ಲಿಗೆ ಹೆದರಿ ದನಕರು ಮಾರಿ, ಸಾಲ ಮಾಡಿ, ಅವಸರದಲ್ಲಿ ಶಸ್ತ್ರಚಿಕಿತ್ಸೆಗೆ ಹೋಗುವುದು ಮೊದಲನೆಯದು. ನೋವು ನಿಂತಿತೆಂದು ಸಮಾಧಾನಪಟ್ಟು, ಒಳಗೇ ಸಿಕ್ಕಿಕೊಂಡ ಕಲ್ಲನ್ನು ಮರೆತು, ಸದ್ದಿಲ್ಲದೆ ಒಂದು ಮೂತ್ರಪಿಂಡವನ್ನೇ ಕಳೆದುಕೊಳ್ಳುವುದು ಎರಡನೆಯದು. ಮೊದಲ ತಪ್ಪಿನಿಂದ ಹೋಗುವುದು ಹಣ. ಎರಡನೆಯದರಿಂದ ಹೋಗುವುದು ಮರಳಿ ಬಾರದ ಅಂಗ. ಈ ಎರಡನ್ನೂ ತಪ್ಪಿಸುವಷ್ಟು ತಿಳಿವಳಿಕೆಯನ್ನು ಸದಸ್ಯರಿಗೆ ಒದಗಿಸುವುದೇ ಈ ಪಾಠದ ಉದ್ದೇಶ.

1. ಕಲ್ಲು ಉಂಟಾಗುವ ಬಗೆ

ನಮ್ಮ ಬೆನ್ನಿನ ಎರಡೂ ಬದಿಗಳಲ್ಲಿ, ಪಕ್ಕೆಲುಬುಗಳ ಕೆಳಭಾಗದಲ್ಲಿ ಎರಡು ಮೂತ್ರಪಿಂಡಗಳಿವೆ. ಅವು ರಕ್ತವನ್ನು ಸೋಸಿ, ದೇಹಕ್ಕೆ ಬೇಡವಾದ ಲವಣಗಳನ್ನೂ ಹೆಚ್ಚಿನ ನೀರನ್ನೂ ಮೂತ್ರದ ರೂಪದಲ್ಲಿ ಹೊರಹಾಕುತ್ತವೆ. ಪ್ರತಿಯೊಂದು ಮೂತ್ರಪಿಂಡದಿಂದಲೂ ಸುಮಾರು 25 ಸೆಂ.ಮೀ. ಉದ್ದದ ಒಂದು ಸಣ್ಣ ಕೊಳವೆ ಕೆಳಗಿಳಿದು ಮೂತ್ರಕೋಶವನ್ನು ಸೇರುತ್ತದೆ. ಇದೇ ಮೂತ್ರನಾಳ. ಇದರ ಒಳ ಅಗಲ ಕೆಲವೇ ಮಿ.ಮೀ.ಗಳಷ್ಟು.

ಮೂತ್ರದಲ್ಲಿ ನೀರಿನ ಅಂಶ ಕಡಿಮೆಯಾಗಿ ಲವಣಗಳ ಅಂಶ ಹೆಚ್ಚಾದಾಗ, ಆ ಲವಣಗಳು ಹರಳುಗಟ್ಟಿ ಕ್ರಮೇಣ ಕಲ್ಲಾಗುತ್ತವೆ. ಕಡಲ ನೀರು ಬತ್ತಿದಾಗ ಉಪ್ಪಿನ ಗದ್ದೆಯಲ್ಲಿ ಹರಳು ಉಳಿಯುವಂತೆಯೇ ಇದು. ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದಿಂದ ಆದವು. ಕೆಲವು ಯೂರಿಕ್ ಆಮ್ಲದ ಕಲ್ಲುಗಳು. ಇನ್ನು ಕೆಲವು ಮೂತ್ರದ ಸೋಂಕಿನಿಂದ ಬೆಳೆಯುವಂಥವು; ಇವು ಜಿಂಕೆಯ ಕೊಂಬಿನಂತೆ ಕವಲೊಡೆದು ಮೂತ್ರಪಿಂಡವನ್ನೆಲ್ಲ ತುಂಬಿಕೊಳ್ಳಬಲ್ಲವು. ವಂಶದಿಂದ ಬರುವ ಸಿಸ್ಟೀನ್ ಕಲ್ಲುಗಳು ಅಪರೂಪ. ಕಲ್ಲು ಯಾವ ಬಗೆಯದು ಎಂಬುದರ ಮೇಲೆ ಚಿಕಿತ್ಸೆಯೂ ಪಥ್ಯವೂ ಬದಲಾಗುತ್ತವೆ. ಆದ್ದರಿಂದ ಮೂತ್ರದಲ್ಲಿ ಬಿದ್ದ ಕಲ್ಲನ್ನು ಎಸೆಯದೆ ಚೀಟಿಯಲ್ಲಿ ಕಟ್ಟಿ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಬಿಸಿಲಿನಲ್ಲಿ ದುಡಿದು ಬೆವರು ಸುರಿಸುವವರು, ದಿನವಿಡೀ ನೀರು ಕುಡಿಯದೆ ವಾಹನ ಓಡಿಸುವವರು, ಇಟ್ಟಿಗೆಗೂಡು ಮತ್ತು ಕಲ್ಲುಗಣಿಗಳಲ್ಲಿ ಕೆಲಸ ಮಾಡುವವರು, ಮನೆತನದಲ್ಲಿ ಈ ತೊಂದರೆ ಇರುವವರು ಹಾಗೂ ಒಮ್ಮೆ ಕಲ್ಲು ಬಂದುಹೋದವರು ಹೆಚ್ಚು ಎಚ್ಚರದಿಂದಿರಬೇಕು.

2. ನೋವು ಏಕೆ? ನೋವು ನಿಂತರೆ ಏನು ಅರ್ಥ?

ಮೂತ್ರಪಿಂಡದೊಳಗೆ ಸುಮ್ಮನೆ ಕುಳಿತ ಕಲ್ಲು ಎಷ್ಟೋ ವೇಳೆ ನೋವನ್ನೇ ಕೊಡುವುದಿಲ್ಲ. ಅದು ಜಾರಿ ಮೂತ್ರನಾಳಕ್ಕೆ ಇಳಿದು ದಾರಿ ಕಟ್ಟಿದಾಗ, ಹಿಂದೆ ಮೂತ್ರ ತುಂಬಿಕೊಂಡು ಒತ್ತಡ ಏರುತ್ತದೆ. ಆಗ ಬರುವುದೇ ಆ ಘೋರವಾದ ನೋವು. ಅದು ಬೆನ್ನಿನ ಪಕ್ಕದಿಂದ ಹೊರಟು ಕಿಬ್ಬೊಟ್ಟೆಗೆ, ತೊಡೆಸಂದಿಗೆ ಇಳಿಯುತ್ತದೆ. ಅಲೆ ಅಲೆಯಾಗಿ ಬಂದು ಹೋಗುತ್ತದೆ. ವಾಂತಿ, ಉರಿಮೂತ್ರ, ಕೆಂಪು ಬಣ್ಣದ ಮೂತ್ರ ಇವು ಜೊತೆಗೂಡಬಹುದು. ರೋಗಿಯು ಯಾವ ಮಗ್ಗುಲಿಗೆ ಮಲಗಿದರೂ ನೆಮ್ಮದಿ ಕಾಣದೆ ಹೊರಳಾಡುತ್ತಾನೆ.

ಇಲ್ಲಿ ಸದಸ್ಯರು ಚೆನ್ನಾಗಿ ಮನನ ಮಾಡಿಕೊಳ್ಳಬೇಕಾದ ಸಂಗತಿಯೊಂದಿದೆ. ನೋವು ನಿಂತಿತೆಂದರೆ ಕಲ್ಲು ಬಿದ್ದುಹೋಯಿತು ಎಂದೇ ಅರ್ಥವಲ್ಲ. ಕಲ್ಲು ಹೊರಬಿದ್ದಿರಬಹುದು, ಮೇಲಕ್ಕೆ ಸರಿದಿರಬಹುದು, ಇಲ್ಲವೇ ಅಲ್ಲಿಯೇ ಸಿಕ್ಕಿಕೊಂಡು, ಮೂತ್ರಪಿಂಡವು ಆ ಒತ್ತಡಕ್ಕೆ ಹೊಂದಿಕೊಂಡು ಸೋಸುವ ಕೆಲಸವನ್ನೇ ತಗ್ಗಿಸಿಕೊಂಡಿರಬಹುದು. ಪೂರ್ಣವಾಗಿ ಕಟ್ಟಿಕೊಂಡ ಮೂತ್ರಪಿಂಡವು ಕೆಲವು ವಾರಗಳಲ್ಲಿಯೇ ಸರಿಪಡಿಸಲಾಗದ ಹಾನಿಗೆ ಒಳಗಾಗಬಲ್ಲದು. ಇನ್ನೊಂದು ಮೂತ್ರಪಿಂಡ ಚೆನ್ನಾಗಿದ್ದರೆ ಮೂತ್ರ ಎಂದಿನಂತೆಯೇ ಹೋಗುತ್ತಿರುತ್ತದೆ. ಹೀಗಾಗಿ ರೋಗಿಗೆ ಏನೂ ಗೊತ್ತಾಗುವುದಿಲ್ಲ. ಕಲ್ಲು ಹೋಯಿತೋ ಇಲ್ಲವೋ ಎಂಬುದನ್ನು ಖಚಿತಪಡಿಸುವುದು ಮರುಪರೀಕ್ಷೆ ಮಾತ್ರ.

3. ತಡಮಾಡಬಾರದ ಸ್ಥಿತಿಗಳು

ಕೆಳಗಿನ ಯಾವುದೊಂದು ಲಕ್ಷಣ ಕಂಡರೂ ಬೆಳಗಾಗುವ ತನಕ ಕಾಯಬಾರದು. 108 ಆಂಬುಲೆನ್ಸ್ ಕರೆಸಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು.

ಅ) ಪಕ್ಕೆನೋವಿನ ಜೊತೆ ಚಳಿಜ್ವರ. ಕಟ್ಟಿಕೊಂಡ ಮೂತ್ರದಲ್ಲಿ ಸೋಂಕು ಸೇರಿದೆ ಎಂಬುದರ ಸೂಚನೆ ಇದು. ಕೀವು ತುಂಬಿ, ಸೋಂಕು ರಕ್ತಕ್ಕೆ ಹರಡಿದರೆ ಪ್ರಾಣಕ್ಕೇ ಅಪಾಯ.
ಆ) ಮೂತ್ರ ಪೂರ್ತಿಯಾಗಿ ನಿಂತುಹೋಗುವುದು ಅಥವಾ ತೀರ ಕಡಿಮೆಯಾಗುವುದು.
ಇ) ಒಂದೇ ಮೂತ್ರಪಿಂಡ ಇರುವವರಿಗೆ ಅಥವಾ ಮೊದಲೇ ಮೂತ್ರಪಿಂಡದ ಕಾಯಿಲೆ ಇರುವವರಿಗೆ ನೋವು ಬರುವುದು.
ಈ) ಗರ್ಭಿಣಿಯರಲ್ಲಿ ಮತ್ತು ಮಕ್ಕಳಲ್ಲಿ ಕಾಣುವ ಪಕ್ಕೆನೋವು.
ಉ) ಎಡೆಬಿಡದ ವಾಂತಿ ಅಥವಾ ಚುಚ್ಚುಮದ್ದಿಗೂ ಬಗ್ಗದ ನೋವು.

ಜ್ವರ ಮತ್ತು ಕಟ್ಟಿಕೊಂಡ ಮೂತ್ರ ಎರಡೂ ಸೇರಿದಾಗ ವೈದ್ಯರು ಮೊದಲು ಕಲ್ಲನ್ನು ತೆಗೆಯಲು ಹೋಗುವುದಿಲ್ಲ. ಒಳಗಿನಿಂದ ಒಂದು ಕೊಳವೆಯನ್ನು ಇಟ್ಟು, ಇಲ್ಲವೇ ಬೆನ್ನಿನ ಮೂಲಕ ಸಣ್ಣ ನಳಿಕೆಯನ್ನು ಹಾಕಿ ಮೂತ್ರ ಹರಿದುಹೋಗುವಂತೆ ಮಾಡುತ್ತಾರೆ. ಜೊತೆಗೆ ಸೋಂಕಿಗೆ ಔಷಧಿ ಕೊಡುತ್ತಾರೆ. ಸೋಂಕು ಇಳಿದ ಮೇಲೆಯೇ ಕಲ್ಲಿನ ಚಿಕಿತ್ಸೆ. "ಕಲ್ಲು ತೆಗೆಯದೆ ಬರೀ ಪೈಪು ಹಾಕಿ ಕಳಿಸಿದರು" ಎಂದು ಮನೆಯವರು ಬೇಸರಿಸಿದಾಗ, ಜೀವ ಉಳಿಸಿದ ಕ್ರಮವೇ ಅದು ಎಂದು ಅವರಿಗೆ ತಿಳಿಯಹೇಳಬೇಕು.

ಪಕ್ಕೆಯ ಅಥವಾ ಹೊಟ್ಟೆಯ ನೋವೆಲ್ಲ ಕಲ್ಲಿನದೇ ಎಂದು ತಿಳಿಯುವುದೂ ತಪ್ಪು. ಬಲಗಡೆಯ ಕಿಬ್ಬೊಟ್ಟೆಯ ನೋವು ಅಪೆಂಡಿಕ್ಸ್‌ನದಾಗಿರಬಹುದು. ಮುಟ್ಟು ತಪ್ಪಿದ ಹೆಣ್ಣುಮಗಳಿಗೆ ಹಠಾತ್ತನೆ ಬಂದ ನೋವು, ಗರ್ಭಕೋಶದ ಹೊರಗೆ ನಿಂತ ಗರ್ಭದಿಂದಲೂ ಆಗಿರಬಹುದು. ಆದ್ದರಿಂದ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಸಿ ಮಲಗಿಸುವುದು ಸಲ್ಲದು.

4. ಅಗತ್ಯವಾದ ಪರೀಕ್ಷೆಗಳು

ಮೂತ್ರ ಪರೀಕ್ಷೆಯಿಂದ ರಕ್ತ ಮತ್ತು ಸೋಂಕಿನ ಅಂಶ ತಿಳಿಯುತ್ತದೆ. ರಕ್ತದ ಕ್ರಿಯಾಟಿನಿನ್ ಪರೀಕ್ಷೆಯಿಂದ ಮೂತ್ರಪಿಂಡಗಳ ಕೆಲಸ ಹೇಗಿದೆ ಎಂಬುದು ತಿಳಿಯುತ್ತದೆ. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಿಂದ ಮೂತ್ರಪಿಂಡದ ಕಲ್ಲನ್ನೂ ಊದಿಕೊಂಡ ಮೂತ್ರಪಿಂಡವನ್ನೂ ಕಾಣಬಹುದು. ಆದರೆ ಮೂತ್ರನಾಳದ ನಡುಭಾಗದಲ್ಲಿರುವ ಕಲ್ಲು ಅದರ ಕಣ್ಣಿಗೆ ತಪ್ಪಿಸಿಕೊಳ್ಳಬಹುದು. ಸಿ.ಟಿ. ಸ್ಕ್ಯಾನ್ ಕಲ್ಲಿನ ಅಳತೆ, ಸ್ಥಳ ಮತ್ತು ಗಡಸುತನವನ್ನು ಹೆಚ್ಚು ನಿಖರವಾಗಿ ತೋರಿಸುತ್ತದೆ. ಗರ್ಭಿಣಿಯರಿಗೆ ಮೊದಲ ಆಯ್ಕೆ ಅಲ್ಟ್ರಾಸೌಂಡ್.

ವರದಿ ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಕಲ್ಲು ಎಷ್ಟು ಮಿ.ಮೀ.? ಅದು ಎಲ್ಲಿದೆ? ಮೂತ್ರಪಿಂಡ ಊದಿಕೊಂಡಿದೆಯೇ? ಸೋಂಕು ಇದೆಯೇ? ಚಿಕಿತ್ಸೆಯ ಆಯ್ಕೆ ಬಹುಮಟ್ಟಿಗೆ ಈ ನಾಲ್ಕು ಉತ್ತರಗಳ ಮೇಲೆ ನಿಂತಿದೆ.

5. ಚಿಕಿತ್ಸೆಯ ದಾರಿಗಳು

(ಅ) ಕಾದು ನೋಡುವುದು

ಮೂತ್ರನಾಳಕ್ಕೆ ಇಳಿದ 5 ಮಿ.ಮೀ.ವರೆಗಿನ ಕಲ್ಲುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಯಾವ ಶಸ್ತ್ರಚಿಕಿತ್ಸೆಯೂ ಇಲ್ಲದೆ ಮೂತ್ರದೊಂದಿಗೆ ಹೊರಬೀಳುತ್ತವೆ. 5ರಿಂದ 10 ಮಿ.ಮೀ. ಕಲ್ಲುಗಳಲ್ಲಿ ಈ ಪ್ರಮಾಣ ಸುಮಾರು ಅರ್ಧದಷ್ಟು. ಕಲ್ಲು ಮೂತ್ರಕೋಶಕ್ಕೆ ಹತ್ತಿರವಾದಷ್ಟೂ ಬೀಳುವ ಸಾಧ್ಯತೆ ಹೆಚ್ಚು. ಜ್ವರವಿಲ್ಲದೆ, ನೋವು ಹತೋಟಿಯಲ್ಲಿದ್ದು, ಮೂತ್ರಪಿಂಡದ ಕೆಲಸ ಸರಿಯಾಗಿದ್ದರೆ ವೈದ್ಯರು ಸಾಮಾನ್ಯವಾಗಿ 4ರಿಂದ 6 ವಾರ ಕಾದು ನೋಡಲು ಸಲಹೆ ನೀಡುತ್ತಾರೆ. ಈ ಅವಧಿಯ ಕೊನೆಗೆ ಮರುಸ್ಕ್ಯಾನಿಂಗ್ ಕಡ್ಡಾಯ. ಕಾದು ನೋಡುವುದು ಎಂದರೆ ಮರೆತುಬಿಡುವುದಲ್ಲ.

(ಆ) ಔಷಧಿ

ನೋವಿಗೆ ಡೈಕ್ಲೋಫಿನಾಕ್‌ನಂತಹ ಔಷಧಿಗಳನ್ನು ವೈದ್ಯರು ಕೊಡುತ್ತಾರೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಇವು ಹಾನಿಕರ. ಆದ್ದರಿಂದ ತಾವಾಗಿ ಕೊಂಡು ನುಂಗಬಾರದು. ಮೂತ್ರನಾಳದ ಕೆಳಭಾಗದಲ್ಲಿರುವ, 5 ಮಿ.ಮೀ.ಗಿಂತ ಸ್ವಲ್ಪ ದೊಡ್ಡದಾದ ಕಲ್ಲಿಗೆ ನಾಳವನ್ನು ಸಡಿಲಗೊಳಿಸುವ ಟ್ಯಾಮ್ಸುಲೋಸಿನ್ ಎಂಬ ಮಾತ್ರೆ ನೆರವಾಗಬಲ್ಲದು. ಯೂರಿಕ್ ಆಮ್ಲದ ಕಲ್ಲನ್ನು ಮೂತ್ರದ ಹುಳಿಯನ್ನು ತಗ್ಗಿಸುವ ಸಿಟ್ರೇಟ್ ಔಷಧಿಯಿಂದ ಕರಗಿಸಬಹುದು. ಆದರೆ ಅತಿ ಹೆಚ್ಚಾಗಿ ಕಂಡುಬರುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲನ್ನು ಕರಗಿಸುವ ಮಾತ್ರೆ ಇಲ್ಲ. "ಎಂಥ ಕಲ್ಲನ್ನಾದರೂ ಕರಗಿಸುತ್ತೇವೆ" ಎಂಬ ಜಾಹೀರಾತನ್ನು ನಂಬಬಾರದು.

(ಇ) ಆಘಾತ ತರಂಗ ಚಿಕಿತ್ಸೆ

ದೇಹದ ಹೊರಗಿನಿಂದ ತರಂಗಗಳನ್ನು ಕಲ್ಲಿನ ಮೇಲೆ ಕೇಂದ್ರೀಕರಿಸಿ ಅದನ್ನು ಪುಡಿಮಾಡುವ ಈ ವಿಧಾನಕ್ಕೆ ಲಿಥೋಟ್ರಿಪ್ಸಿ ಎಂದು ಹೆಸರು. 1980ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮೊದಲ ಬಾರಿಗೆ ಇದನ್ನು ರೋಗಿಯ ಮೇಲೆ ಪ್ರಯೋಗಿಸಲಾಯಿತು. ಇದರಲ್ಲಿ ಕೊಯ್ಯುವುದಿಲ್ಲ, ಪುಡಿಯಾದ ಚೂರುಗಳು ಮೂತ್ರದೊಂದಿಗೆ ಹೋಗುತ್ತವೆ. ಸಾಮಾನ್ಯವಾಗಿ 2 ಸೆಂ.ಮೀ.ಗಿಂತ ಚಿಕ್ಕದಾದ, ತೀರ ಗಡುಸಲ್ಲದ ಕಲ್ಲುಗಳಿಗೆ ಇದು ಹೊಂದುತ್ತದೆ. ಮೂತ್ರಪಿಂಡದ ಕೆಳತುದಿಯಲ್ಲಿರುವ ಕಲ್ಲಿನ ಚೂರುಗಳು ಅಲ್ಲಿಯೇ ಉಳಿದುಬಿಡುವ ಸಂಭವವಿದೆ. ಕೆಲವೊಮ್ಮೆ ಎರಡು ಮೂರು ಸಲ ಮಾಡಬೇಕಾಗುತ್ತದೆ. ಗರ್ಭಿಣಿಯರಿಗೂ ರಕ್ತ ಹೆಪ್ಪುಗಟ್ಟದ ತೊಂದರೆ ಇರುವವರಿಗೂ ಇದನ್ನು ಮಾಡುವುದಿಲ್ಲ.

(ಈ) ದುರ್ಬೀನು ಮತ್ತು ಲೇಸರ್

ಮೂತ್ರದ್ವಾರದ ಮೂಲಕ ತೆಳುವಾದ ದುರ್ಬೀನನ್ನು ಮೂತ್ರಕೋಶಕ್ಕೆ, ಅಲ್ಲಿಂದ ಮೂತ್ರನಾಳಕ್ಕೆ ಒಯ್ದು, ಲೇಸರ್ ಕಿರಣದಿಂದ ಕಲ್ಲನ್ನು ಒಡೆದು ತೆಗೆಯುತ್ತಾರೆ. ಮೈಮೇಲೆ ಗಾಯವಿರುವುದಿಲ್ಲ. ಮೂತ್ರನಾಳದ ಕಲ್ಲಿಗೆ ಇದು ಬಹಳ ಫಲಕಾರಿ. ಬಾಗಬಲ್ಲ ದುರ್ಬೀನಿನಿಂದ ಮೂತ್ರಪಿಂಡದೊಳಗಿನ 2 ಸೆಂ.ಮೀ.ವರೆಗಿನ ಕಲ್ಲನ್ನೂ ತೆಗೆಯಬಹುದು. ಅರಿವಳಿಕೆ ಬೇಕಾಗುತ್ತದೆ, ಹೆಚ್ಚಿನವರು ಒಂದೆರಡು ದಿನಗಳಲ್ಲಿ ಮನೆಗೆ ಮರಳುತ್ತಾರೆ.

(ಉ) ಬೆನ್ನಿನ ಮೂಲಕ ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆ

2 ಸೆಂ.ಮೀ.ಗಿಂತ ದೊಡ್ಡ ಕಲ್ಲಿಗೆ, ಕವಲೊಡೆದ ಕಲ್ಲಿಗೆ ಬೆನ್ನಿನಲ್ಲಿ ಸುಮಾರು ಒಂದು ಸೆಂ.ಮೀ. ರಂಧ್ರ ಮಾಡಿ, ಅದರ ಮೂಲಕ ಕಲ್ಲನ್ನು ಒಡೆದು ಹೊರತೆಗೆಯುತ್ತಾರೆ. ಪಿ.ಸಿ.ಎನ್.ಎಲ್. ಎಂಬುದು ಆಸ್ಪತ್ರೆಗಳಲ್ಲಿ ಇದಕ್ಕಿರುವ ಹೆಸರು. ದೊಡ್ಡ ಕಲ್ಲನ್ನು ಒಂದೇ ಸಲಕ್ಕೆ ಪೂರ್ತಿ ತೆಗೆಯಲು ಇದೇ ಉತ್ತಮ ದಾರಿ. ರಕ್ತಸ್ರಾವ ಮತ್ತು ಸೋಂಕಿನ ಅಪಾಯ ಉಳಿದ ವಿಧಾನಗಳಿಗಿಂತ ತುಸು ಹೆಚ್ಚಾದ್ದರಿಂದ ಕೆಲವು ದಿನ ಆಸ್ಪತ್ರೆಯಲ್ಲಿರಬೇಕಾಗುತ್ತದೆ.

(ಊ) ತೆರೆದ ಶಸ್ತ್ರಚಿಕಿತ್ಸೆ

ಹಿಂದೆ ಪಕ್ಕೆಯನ್ನು ಉದ್ದಕ್ಕೆ ಕೊಯ್ದು ಕಲ್ಲು ತೆಗೆಯುತ್ತಿದ್ದರು. ಈಗ ಇದು ಅಪರೂಪ. ಯಾರಿಗಾದರೂ ಇದನ್ನೇ ಸೂಚಿಸಿದ್ದರೆ, ಕಾರಣವನ್ನು ಕೇಳಿ ತಿಳಿದು, ಸಾಧ್ಯವಿದ್ದಲ್ಲಿ ಇನ್ನೊಬ್ಬ ಮೂತ್ರರೋಗ ತಜ್ಞರ ಅಭಿಪ್ರಾಯ ಪಡೆಯುವುದು ರೋಗಿಯ ಹಕ್ಕು.

ಮೂತ್ರಪಿಂಡದೊಳಗೆ ನೋವಿಲ್ಲದೆ ಇರುವ ಚಿಕ್ಕ ಕಲ್ಲು ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಕಾಣಿಸಿಕೊಳ್ಳುವುದುಂಟು. ಅದಕ್ಕೆ ತಕ್ಷಣವೇ ಶಸ್ತ್ರಚಿಕಿತ್ಸೆ ಬೇಕೆಂದಿಲ್ಲ. ನೀರು ಚೆನ್ನಾಗಿ ಕುಡಿಯುತ್ತ, ವೈದ್ಯರು ಹೇಳಿದ ಅಂತರದಲ್ಲಿ ಸ್ಕ್ಯಾನಿಂಗ್ ಮಾಡಿಸುತ್ತ ಇದ್ದರೆ ಸಾಕಾಗುತ್ತದೆ.

6. ಒಳಗಿಟ್ಟ ಸ್ಟೆಂಟ್‌ನ್ನು ಮರೆಯಬಾರದು

ಚಿಕಿತ್ಸೆಯ ಬಳಿಕ ಮೂತ್ರ ಸರಾಗವಾಗಿ ಹರಿಯಲೆಂದು ಮೂತ್ರನಾಳದೊಳಗೆ ಒಂದು ಮೃದುವಾದ ಕೊಳವೆಯನ್ನು ಇಡುವುದುಂಟು. ಇದನ್ನು ಡಿ.ಜೆ. ಸ್ಟೆಂಟ್ ಎನ್ನುತ್ತಾರೆ. ಇದು ತಾತ್ಕಾಲಿಕ. ವೈದ್ಯರು ಹೇಳಿದ ದಿನ, ಸಾಮಾನ್ಯವಾಗಿ ಕೆಲವು ವಾರಗಳೊಳಗೆ, ಇದನ್ನು ತೆಗೆಸಲೇಬೇಕು. ತೆಗೆಯುವುದಕ್ಕೆ ಕೊಯ್ಯಬೇಕಾಗಿಲ್ಲ, ಸಣ್ಣ ದುರ್ಬೀನಿನಿಂದ ಹೊರಗೆಳೆಯುತ್ತಾರೆ.

ನೋವು ಹೋಯಿತು, ಸುಗ್ಗಿ ಬಂತು, ಬಸ್ಸಿನ ಖರ್ಚು ಯಾರು ಕೊಡುತ್ತಾರೆ ಎಂದುಕೊಂಡು ಇದನ್ನು ಒಳಗೇ ಬಿಟ್ಟವರಿದ್ದಾರೆ. ತಿಂಗಳುಗಟ್ಟಲೆ ಉಳಿದ ಸ್ಟೆಂಟ್ ಮೇಲೆ ಹೊಸ ಕಲ್ಲು ಕಟ್ಟಿಕೊಳ್ಳುತ್ತದೆ, ಸೋಂಕು ಸೇರುತ್ತದೆ, ಕೊಳವೆಯೇ ಮುರಿಯಬಹುದು. ಆಗ ಅದನ್ನು ತೆಗೆಯಲು ಮೊದಲಿನದಕ್ಕಿಂತ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಮೂತ್ರಪಿಂಡವೂ ಹೋಗಬಹುದು. ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದವರ ಚೀಟಿಯನ್ನು ನೋಡಿ, ಸ್ಟೆಂಟ್ ಇದೆಯೇ, ಯಾವ ದಿನ ತೆಗೆಸಬೇಕು ಎಂಬುದನ್ನು ಆಶಾ ಕಾರ್ಯಕರ್ತೆಯು ಬರೆದಿಟ್ಟುಕೊಂಡರೆ ಈ ಅನಾಹುತ ಪೂರ್ತಿಯಾಗಿ ತಪ್ಪುತ್ತದೆ. ಇದಕ್ಕೆ ಅನುದಾನ ಬೇಕಿಲ್ಲ. ಒಂದು ಪುಸ್ತಕ, ಒಂದು ಲೇಖನಿ ಸಾಕು.

7. ಮನೆಮದ್ದುಗಳ ವಿಚಾರ

ಬಾಳೆದಿಂಡಿನ ರಸ, ಹುರುಳಿ ಕಟ್ಟು, ಬಾರ್ಲಿ ಗಂಜಿ, ಎಳನೀರು, ನೆಗ್ಗಿಲು ಮುಳ್ಳಿನ ಕಷಾಯ ಇವು ನಮ್ಮ ಜನರಲ್ಲಿ ರೂಢಿಯಲ್ಲಿವೆ. ಇವುಗಳನ್ನು ಗೇಲಿ ಮಾಡಬೇಕಾಗಿಲ್ಲ. ಇವುಗಳೊಡನೆ ಹೊಟ್ಟೆಗೆ ಹೋಗುವ ನೀರು ಒಳ್ಳೆಯದನ್ನೇ ಮಾಡುತ್ತದೆ. ಕಷಾಯ ಕುಡಿದ ಮೇಲೆ ಕಲ್ಲು ಬಿದ್ದಿತು ಎಂದು ಹೇಳುವವರ ಮಾತು ಸುಳ್ಳಲ್ಲ. ಆದರೆ ಚಿಕ್ಕ ಕಲ್ಲುಗಳಲ್ಲಿ ಹೆಚ್ಚಿನವು ಹೇಗೂ ಬೀಳತಕ್ಕವೇ ಎಂಬುದನ್ನು ಮರೆಯಬಾರದು. ಇವು ಬಲಿತ ಕಲ್ಲನ್ನು ಕರಗಿಸುತ್ತವೆ ಎಂಬುದು ಸಿದ್ಧವಾಗಿಲ್ಲ. ಅಪಾಯವಿರುವುದು ಕಷಾಯದಲ್ಲಿ ಅಲ್ಲ, ಅದನ್ನು ನಂಬಿ ತಿಂಗಳುಗಟ್ಟಲೆ ಸ್ಕ್ಯಾನಿಂಗ್ ಮುಂದೂಡುವುದರಲ್ಲಿ. ಮೂತ್ರಪಿಂಡದ ಕೆಲಸ ಕುಂದಿರುವವರಿಗೆ ಮಾತ್ರ ಎಳನೀರಿನಲ್ಲಿರುವ ಪೊಟ್ಯಾಸಿಯಂ ತೊಂದರೆ ಮಾಡಬಲ್ಲದು. ಅವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಬಿಯರ್ ಕುಡಿದರೆ ಕಲ್ಲು ಬೀಳುತ್ತದೆ ಎಂಬ ಮಾತನ್ನು ಯುವಕರು ಹಬ್ಬಿಸುತ್ತಾರೆ. ಇದು ತಪ್ಪು; ಮದ್ಯವು ದೇಹದ ನೀರನ್ನು ಒಣಗಿಸುತ್ತದೆ. ನೋವು ಜೋರಾಗಿರುವಾಗ ಬಿಂದಿಗೆಗಟ್ಟಲೆ ನೀರು ಕುಡಿಸಿದರೆ ಕಲ್ಲು ತಳ್ಳಿಕೊಂಡು ಹೋಗುತ್ತದೆ ಎಂಬುದೂ ನಿಜವಲ್ಲ. ವಾಂತಿ ಹೆಚ್ಚುತ್ತದೆ ಅಷ್ಟೆ.

8. ಕಲ್ಲು ಮರಳಿ ಬಾರದಂತೆ

ಒಮ್ಮೆ ಕಲ್ಲು ಬಂದವರಲ್ಲಿ, ಎಚ್ಚರ ವಹಿಸದಿದ್ದರೆ, ಸುಮಾರು ಅರ್ಧದಷ್ಟು ಮಂದಿಗೆ ಹತ್ತು ವರ್ಷಗಳೊಳಗೆ ಮತ್ತೆ ಬರುತ್ತದೆ. ತಡೆಯುವ ಮೊದಲ ಸಾಧನ ನೀರು. ಇಟಲಿಯಲ್ಲಿ ಮೊದಲ ಬಾರಿ ಕಲ್ಲಾದ 199 ಜನರನ್ನು 5 ವರ್ಷ ಗಮನಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ನೀರು ಕುಡಿದವರ ಪೈಕಿ ಶೇ. 12ರಷ್ಟು ಮಂದಿಗೆ ಮಾತ್ರ ಕಲ್ಲು ಮರುಕಳಿಸಿತು. ಉಳಿದವರಲ್ಲಿ ಈ ಪ್ರಮಾಣ ಶೇ. 27 ಆಗಿತ್ತು. ದಿನಕ್ಕೆ 2ರಿಂದ 2.5 ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು. ಹೊಲದಲ್ಲಿ ದುಡಿಯುವವರು ಬೆವರಿಗಾಗಿ ಇನ್ನಷ್ಟು ಸೇರಿಸಿಕೊಳ್ಳಬೇಕು. ಮೂತ್ರ ತಿಳಿಯಾಗಿದ್ದರೆ ನೀರು ಸಾಕಾಗಿದೆ. ಕಡು ಹಳದಿಯಾದರೆ ಸಾಲದು. ಈ ಸರಳ ಅಳತೆಯನ್ನು ಅಕ್ಷರ ಬಾರದವರೂ ಪಾಲಿಸಬಹುದು. ಹೃದಯದ ಅಥವಾ ಮೂತ್ರಪಿಂಡದ ವೈಫಲ್ಯ ಇರುವವರು ನೀರಿನ ಪ್ರಮಾಣವನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಎರಡನೆಯದು ಉಪ್ಪು. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಉಪ್ಪಿನ ಮಿತಿಯನ್ನು ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಕುರುಕಲು ತಿಂಡಿಗಳಲ್ಲಿ ಅಡಗಿರುವ ಉಪ್ಪನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉಪ್ಪು ಹೆಚ್ಚಾದಂತೆ ಮೂತ್ರಕ್ಕೆ ಸೇರುವ ಕ್ಯಾಲ್ಸಿಯಂ ಸಹ ಹೆಚ್ಚುತ್ತದೆ. ಮಾಂಸಾಹಾರವೂ ಹಿತಮಿತವಾಗಿರಲಿ. ನಿಂಬೆಹಣ್ಣಿನ ಪಾನಕವನ್ನು ಉಪ್ಪಿಲ್ಲದೆ, ಸಕ್ಕರೆ ಕಡಿಮೆ ಹಾಕಿ ಕುಡಿಯುವುದು ಒಳ್ಳೆಯದು. ನಿಂಬೆಯ ಸಿಟ್ರೇಟ್ ಕಲ್ಲುಗಟ್ಟುವುದನ್ನು ತಡೆಯುತ್ತದೆ.

ಮೂರನೆಯದು ಹಾಲಿನ ಬಗೆಗಿನ ತಪ್ಪು ತಿಳಿವಳಿಕೆ. ಕಲ್ಲಿನಲ್ಲಿ ಕ್ಯಾಲ್ಸಿಯಂ ಇರುವುದರಿಂದ ಹಾಲು, ಮೊಸರು ಬಿಡಬೇಕೆಂದು ಹಲವರು ಭಾವಿಸುತ್ತಾರೆ. ವಾಸ್ತವ ಇದಕ್ಕೆ ವಿರುದ್ಧ. ಊಟದೊಂದಿಗೆ ಸೇರಿದ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದಿಟ್ಟು ಮಲದೊಂದಿಗೆ ಹೊರಹಾಕುತ್ತದೆ. ಹಾಲು ಮೊಸರು ಬಿಟ್ಟರೆ ಕಲ್ಲೂ ಹೆಚ್ಚಬಹುದು, ಮೂಳೆಯೂ ಸವೆಯಬಹುದು. ಟೊಮೆಟೊ ಬದನೆಗಳ ಬೀಜವೇ ಕಲ್ಲಾಗುತ್ತದೆ ಎಂಬುದೂ ನಿಜವಲ್ಲ. ಆಕ್ಸಲೇಟ್ ಕಲ್ಲು ಇರುವವರು ಪಾಲಕ್, ಹರಿವೆ, ಬಸಳೆ ಸೊಪ್ಪುಗಳನ್ನು ಮಿತವಾಗಿ, ಮೊಸರಿನೊಂದಿಗೆ ಉಣ್ಣಬಹುದು.

9. ವೆಚ್ಚ ಮತ್ತು ಸರ್ಕಾರದ ನೆರವು

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯನ್ನು 2018ರಿಂದ ರಾಜ್ಯದಲ್ಲಿ ಜಾರಿಗೊಳಿಸಲಾಗಿದೆ. ಬಿಪಿಎಲ್ ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಇದರಲ್ಲಿ ಅವಕಾಶವಿದೆ. ಉಳಿದ ಕುಟುಂಬಗಳಿಗೆ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ತುರ್ತು ಸಂದರ್ಭವನ್ನು ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆಯಬೇಕು. ಈ ಪತ್ರವಿಲ್ಲದೆ ನೇರವಾಗಿ ದಾಖಲಾಗಿ, ಆ ಬಳಿಕ ಯೋಜನೆಯ ನೆರವು ಸಿಗದೆ ಕೈಯಿಂದ ಹಣ ತೆರುವ ಪರಿಸ್ಥಿತಿ ಬರದಂತೆ ಸದಸ್ಯರು ಮೊದಲೇ ಎಚ್ಚರಿಸಬೇಕು. ಸೂಚಿಸಿದ ವಿಧಾನ ಯೋಜನೆಯಲ್ಲಿ ಸೇರಿದೆಯೇ ಎಂಬುದನ್ನು ದಾಖಲಾಗುವ ಮುನ್ನ ಆಸ್ಪತ್ರೆಯ ಆರೋಗ್ಯ ಮಿತ್ರರಿಂದ ಖಚಿತಪಡಿಸಿಕೊಳ್ಳಬೇಕು. ಸಲಹೆಗೆ 104 ಆರೋಗ್ಯ ಸಹಾಯವಾಣಿಯೂ ಇದೆ.

ಜಿಲ್ಲಾ ಆಸ್ಪತ್ರೆ ಹಾಗೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲದೆ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೂತ್ರಪಿಂಡ ಮತ್ತು ಮೂತ್ರರೋಗಗಳಿಗೆಂದೇ ಮೀಸಲಾದ ಸರ್ಕಾರಿ ನೆಫ್ರೋ ಯುರಾಲಜಿ ಸಂಸ್ಥೆ ಇದೆ.

10. ಪಂಚಾಯಿತಿ ಮಾಡಬಹುದಾದ ಕೆಲಸಗಳು

ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಕುಡಿಯುವ ನೀರು, ಆರೋಗ್ಯ ಮತ್ತು ನೈರ್ಮಲ್ಯವನ್ನು ಪಂಚಾಯಿತಿಗಳ ವಿಷಯಪಟ್ಟಿಯಲ್ಲಿ ಸೇರಿಸಿದೆ. ಕಲ್ಲಿನ ತಡೆಗೆ ಸಂಬಂಧಿಸಿದ ಹೆಚ್ಚಿನ ಕೆಲಸಗಳು ಈ ವ್ಯಾಪ್ತಿಯಲ್ಲಿಯೇ ಬರುತ್ತವೆ.

• ಉದ್ಯೋಗ ಖಾತರಿ ಕಾಮಗಾರಿಯ ಸ್ಥಳಗಳಲ್ಲಿ ಕುಡಿಯುವ ನೀರು ಮತ್ತು ನೆರಳು ಕಾಗದದಲ್ಲಿ ಮಾತ್ರವಲ್ಲ, ಸ್ಥಳದಲ್ಲಿಯೂ ಇರುವಂತೆ ನೋಡಿಕೊಳ್ಳುವುದು.
• ಶಾಲೆಗಳಲ್ಲಿ ಮಕ್ಕಳು ನಿಗದಿತ ಹೊತ್ತಿಗೆ ನೀರು ಕುಡಿಯುವಂತೆ ಗಂಟೆ ಬಾರಿಸುವ ಕ್ರಮವನ್ನು ಶಾಲಾಭಿವೃದ್ಧಿ ಸಮಿತಿಯೊಡನೆ ಚರ್ಚಿಸಿ ಜಾರಿಗೆ ತರುವುದು.
• ಶಾಲೆ, ಸಂತೆ, ಬಸ್ ನಿಲ್ದಾಣಗಳಲ್ಲಿ ಹೆಣ್ಣುಮಕ್ಕಳಿಗೆ ಬಳಸಲು ಯೋಗ್ಯವಾದ ಶೌಚಾಲಯ ಒದಗಿಸುವುದು. ಶೌಚಾಲಯವಿಲ್ಲವೆಂದೇ ಎಷ್ಟೋ ಮಹಿಳೆಯರು ಬೆಳಗಿನಿಂದ ಸಂಜೆಯವರೆಗೆ ನೀರು ಮುಟ್ಟುವುದಿಲ್ಲ. ನೀರು ಕುಡಿಯಿರಿ ಎಂಬ ಉಪದೇಶಕ್ಕಿಂತ ಬಾಗಿಲು ಭದ್ರವಾಗಿರುವ ಒಂದು ಶೌಚಾಲಯ ಹೆಚ್ಚು ಕೆಲಸ ಮಾಡುತ್ತದೆ.
• ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮಾಸಿಕ ಸಭೆಯಲ್ಲಿ, ಮರುಸ್ಕ್ಯಾನಿಂಗ್ ಬಾಕಿ ಇರುವವರು ಮತ್ತು ಸ್ಟೆಂಟ್ ತೆಗೆಸಬೇಕಾದವರ ವಿವರವನ್ನು ಆಶಾ ಕಾರ್ಯಕರ್ತೆ ಹಾಗೂ ಸಮುದಾಯ ಆರೋಗ್ಯ ಅಧಿಕಾರಿಯವರ ಮೂಲಕ ಪರಿಶೀಲಿಸುವುದು. ರೋಗಿಗಳ ಹೆಸರನ್ನು ಬಹಿರಂಗವಾಗಿ ಓದಬಾರದು. ಅವರ ಖಾಸಗಿತನ ಕಾಪಾಡಬೇಕು.

11. ಚರ್ಚೆಗಾಗಿ ಒಂದು ಕಲ್ಪಿತ ಸನ್ನಿವೇಶ

ಈ ಪಾಠವನ್ನು ಸಭೆಯಲ್ಲಿ ಓದಿದ ಮೇಲೆ ಕೆಳಗಿನ ಸನ್ನಿವೇಶವನ್ನು ಚರ್ಚಿಸಲು ಕೋರಿದೆ.

ನಲವತ್ತು ವರ್ಷದ ಕೃಷಿಕರೊಬ್ಬರಿಗೆ ಎಡಪಕ್ಕೆಯಲ್ಲಿ ನೋವು ಬಂದು, ತಾಲ್ಲೂಕು ಆಸ್ಪತ್ರೆಯಲ್ಲಿ ಮೂತ್ರನಾಳದಲ್ಲಿ 7 ಮಿ.ಮೀ. ಕಲ್ಲು ಇದೆಯೆಂದು ತಿಳಿಯಿತು. ಒಂದು ತಿಂಗಳ ಬಳಿಕ ಸ್ಕ್ಯಾನಿಂಗ್‌ಗೆ ಬರಲು ಹೇಳಿದ್ದರು. ಹತ್ತು ದಿನಕ್ಕೆ ನೋವು ನಿಂತಿತು. ಕಲ್ಲು ಬಿದ್ದದ್ದನ್ನು ಅವರು ಕಂಡಿಲ್ಲ. ಬಿತ್ತನೆಯ ಕಾಲ. "ನೋವೇ ಇಲ್ಲವಲ್ಲ, ಇನ್ನೇಕೆ ಆಸ್ಪತ್ರೆ? ಸುಮ್ಮನೆ ಒಂದು ದಿನದ ಕೆಲಸ ಹಾಳು" ಎಂದು ಅವರು ನಿಮ್ಮೆದುರು ಹೇಳುತ್ತಾರೆ.

ಪ್ರಶ್ನೆ 1: ಅವರಿಗೆ ನೀವು ಏನು ಹೇಳುವಿರಿ? ಅವರ ಮಾತಿನಲ್ಲಿರುವ ತಪ್ಪು ಯಾವುದು, ಅವರ ಕಷ್ಟದಲ್ಲಿರುವ ನಿಜ ಯಾವುದು?
ಪ್ರಶ್ನೆ 2: ಅದೇ ವ್ಯಕ್ತಿಗೆ ಆ ರಾತ್ರಿ ಚಳಿಜ್ವರ ಬಂದರೆ ನಿಮ್ಮ ಸಲಹೆ ಹೇಗೆ ಬದಲಾಗುತ್ತದೆ?
ಪ್ರಶ್ನೆ 3: ನಿಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಸ್ಟೆಂಟ್ ಹಾಕಿಸಿಕೊಂಡವರ ದಿನಾಂಕವನ್ನು ಈಗ ಯಾರಾದರೂ ಬರೆದಿಡುತ್ತಿದ್ದಾರೆಯೇ? ಇಲ್ಲವಾದರೆ ಯಾರು ಬರೆದಿಡಬೇಕು?

ಮೊದಲ ಪ್ರಶ್ನೆಗೆ ಉತ್ತರ ಹುಡುಕುವಾಗ ಒಂದು ಮಾತು ಗಮನದಲ್ಲಿರಲಿ. ಬಿತ್ತನೆಯ ಒಂದು ದಿನ ಆ ಮನೆಗೆ ನಿಜವಾಗಿಯೂ ದೊಡ್ಡದು. ಅದನ್ನು ಹಗುರವಾಗಿ ಕಂಡು ಬುದ್ಧಿ ಹೇಳಿದರೆ ಅವರು ಕೇಳುವುದಿಲ್ಲ. ಹದ ತಪ್ಪಿದ ಬಿತ್ತನೆಗೆ ಮುಂದಿನ ವರ್ಷ ಇನ್ನೊಂದು ಹದ ಬಂದೀತು, ಕೆಟ್ಟ ಮೂತ್ರಪಿಂಡಕ್ಕೆ ಇನ್ನೊಂದು ಹದ ಇಲ್ಲ ಎಂಬುದನ್ನು ನೆರೆಯವರಾಗಿ, ಹಿತೈಷಿಗಳಾಗಿ ಹೇಳಿದರೆ ಕೇಳಿಯಾರು. ಆ ಒಂದು ದಿನ ಅವರ ಹೊಲದ ಕೆಲಸಕ್ಕೆ ಮುಯ್ಯಾಳು ಹೊಂದಿಸಿಕೊಡಲು ಸಾಧ್ಯವಾದರೆ ಇನ್ನೂ ಉತ್ತಮ.

ಸದಸ್ಯರು ಈ ಪಾಠದಿಂದ ಮೂರು ಮಾತುಗಳನ್ನು ತಮ್ಮ ವಾರ್ಡಿನ ಪ್ರತಿ ಮನೆಗೂ ತಲುಪಿಸಬೇಕೆಂದು ಕೋರಲಾಗಿದೆ: ನೋವಿನೊಡನೆ ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು; ನೋವು ನಿಂತರೂ ಮರುಸ್ಕ್ಯಾನಿಂಗ್ ಮಾಡಿಸಬೇಕು; ಒಳಗೆ ಸ್ಟೆಂಟ್ ಇದ್ದರೆ ಹೇಳಿದ ದಿನವೇ ತೆಗೆಸಬೇಕು.